ಜಡ್ಜಮ್ಮನ ಏಳು ಮಾರ್ಕು

ಮೊದಲ ತುತ್ತು ನಾಲಿಗೆಗೆ ತಾಗಿದ್ದೇ ತಡ, ಗಿರಗಿಟ್ಲೆಗೆ ಗೊತ್ತಾಗಿಹೋಯಿತು. ಕೆಲಸ ಕೆಟ್ಟಿತು.

ಪಿಜ್ಜಾ ಅಷ್ಟು ಚೆನ್ನಾಗಿತ್ತು.

ಎಷ್ಟು ಚೆನ್ನಾಗಿತ್ತೆಂದರೆ ಅವಳ ಎಡಗಿವಿ ತನ್ನಷ್ಟಕ್ಕೆ ತಾನೇ ಅಲ್ಲಾಡಿತು. ಬುಡ ಕರುಂ ಅಂದ ಸದ್ದಿಗೆ ಎದುರು ಜಗಲಿಯ ಮೇಲೆ ಮಲಗಿದ್ದ ನಾಯಿ ಎದ್ದು ಕೂತಿತು. ಚೀಸ್ ಎಳೆದಷ್ಟೂ ಬಂತು. ಯಾರೂ ತಡೆಯದಿದ್ದರೆ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಬಸ್ ಸ್ಟಾಪಿನವರೆಗೂ ಹೋಗಿ ಬರಬಹುದಿತ್ತು. ಸಾಸ್ ಅಂತೂ, ಲೋಕದ ಟೊಮೆಟೊಗಳೆಲ್ಲ ಸಭೆ ಸೇರಿ ತಮ್ಮಲ್ಲೇ ಒಳ್ಳೆಯವನ್ನು ಆರಿಸಿ ಈ ಅಂಗಡಿಗೆ ಕಳಿಸಿದ ಹಾಗಿತ್ತು.

"ಹೇಗಿದೆಯೇ?" ಪಕ್ಕದ ಸ್ಟೂಲಿನಿಂದ ಅಕ್ಕ ಕೇಳಿದಳು.

ಗಿರಗಿಟ್ಲೆ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಮೂರು ತುತ್ತು ಮುಗಿಯುವವರೆಗೆ ಮಾತಾಡುವಂತಿಲ್ಲ. ಅದು ನಿಯಮ. ನಿಯಮ ಮಾಡಿದವಳೂ ಅವಳೇ. ಇವತ್ತು ಆ ನಿಯಮವೇ ಅವಳನ್ನು ಕಾಪಾಡಿತು. ಯಾಕೆಂದರೆ ಬಾಯಿ ಬಿಟ್ಟಿದ್ದರೆ "ಹತ್ತಕ್ಕೆ ಹತ್ತು" ಅನ್ನುವ ಮಾತು ತಾನಾಗಿ ಹಾರಿ ಹೊರಗೆ ಬೀಳುತ್ತಿತ್ತು.

ಹತ್ತು ಬಂದರೆ ಎಲ್ಲ ಮುಗಿಯಿತು.

ಗಿರಗಿಟ್ಲೆ ಅನ್ನುವುದು ಅವಳ ನಿಜವಾದ ಹೆಸರಲ್ಲ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಈ ಐದನೇ ಕ್ಲಾಸಿನ ಹುಡುಗಿಗೆ ಅಕ್ಕ ಇಟ್ಟ ಹೆಸರು ಅದು. ಅವಳು ಹಾಸಿಗೆಯಲ್ಲಿ ಒಂದು ಸಲ ಹೊರಳಿದರೆ ಕಿಟಕಿಯ ಪರದೆ ಹಾರುತ್ತಿತ್ತು. ಆ ಅಕ್ಕ ಮೊನ್ನೆ ಮೊನ್ನೆಯವರೆಗೂ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಗಿರಗಿಟ್ಲೆಯ ಸ್ವಂತ ಆಸ್ತಿ. ಜಡೆ ಹಾಕುವುದಕ್ಕೆ ಅಕ್ಕ. ಜಗಳಕ್ಕೆ ಅಕ್ಕ. ಭಾಗಾಕಾರಕ್ಕೂ ಅಕ್ಕ.

ಎರಡು ತಿಂಗಳ ಹಿಂದೆ ಅಕ್ಕ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಬಂದವಳು ಕಾಲು ಚಾಚಿ ಗೋಡೆಗೆ ಒರಗಿದರೆ ಗೋಡೆಗೂ ಅವಳಿಗೂ ವ್ಯತ್ಯಾಸ ಇರುತ್ತಿರಲಿಲ್ಲ.

ಗಿರಗಿಟ್ಲೆ ಮಾತು ಬಿಟ್ಟಳು. ಮೂರು ದಿನ. ಅವಳ ಲೆಕ್ಕದಲ್ಲಿ ಅದು ಮುನ್ನೂರು ವರ್ಷ. "ಮನೆ ಇಷ್ಟು ತಣ್ಣಗೆ ಯಾವತ್ತೂ ಇರಲಿಲ್ಲ, ಇನ್ನೆರಡು ದಿನ ಹೀಗೇ ಇರಲಿ ಬಿಡು," ಎಂದು ಅಮ್ಮ ಅಕ್ಕನ ಕಿವಿಯಲ್ಲಿ ಹೇಳಿದಳು. ಆದರೆ ಅಕ್ಕನಿಗೆ ತಡೆಯಲಾಗಲಿಲ್ಲ.

"ನೋಡು ಗಿರಗಿ, ಶನಿವಾರ ನನಗೆ ಅರ್ಧ ದಿನ ರಜ," ಅಂದಳು. "ನಿನಗೆ ಪಿಜ್ಜಾ ಅಂದ್ರೆ ಪ್ರಾಣ. ಪ್ರತಿ ಶನಿವಾರ ನಾವಿಬ್ಬರೇ ಒಂದೊಂದು ಅಂಗಡಿಗೆ ಹೋಗೋಣ. ಒಂದೇ ಸ್ಲೈಸ್ ಹಂಚಿ ತಿನ್ನೋಣ, ಮಾರ್ಕು ಹಾಕೋಣ. ಇಡೀ ಊರಲ್ಲಿ ಬೆಸ್ಟ್ ಯಾವುದು ಅಂತ ಗೊತ್ತಾಗೋವರೆಗೂ ಬಿಡೋದು ಬೇಡ. ಆಯ್ತಾ?"

ಮುನ್ನೂರು ವರ್ಷದ ಮೌನ ಅರ್ಧ ಸೆಕೆಂಡಿನಲ್ಲಿ ಮುರಿದುಬಿತ್ತು.

ಹಾಗೆ ಶುರುವಾದದ್ದು. ಒಂದು ಸ್ಲೈಸ್ ಇಬ್ಬರಿಗೆ. ಚೂಪಾದ ತುದಿ ಗಿರಗಿಟ್ಲೆಗೆ, ದಪ್ಪ ಅಂಚು ಅಕ್ಕನಿಗೆ. ಸ್ಲೈಸನ್ನು ಅಂಚಿನಲ್ಲಿ ಹಿಡಿದು ಎತ್ತಿದಾಗ ಅದು ಬೈಸಿಕೊಂಡವರ ಹಾಗೆ ತಲೆ ತಗ್ಗಿಸಿದರೆ ಎರಡು ಮಾರ್ಕು ಕಟ್. ತಿಂದಾದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಮಾರ್ಕು ಬರೆಯಬೇಕು. ಇಬ್ಬರೂ ಹತ್ತು ಕೊಟ್ಟರೆ ಆ ಅಂಗಡಿ ಊರಿಗೇ ಬೆಸ್ಟು, ಆಟ ಮುಕ್ತಾಯ.

ಆರು ಶನಿವಾರ, ಆರು ಅಂಗಡಿ. ಮೊದಲನೆಯದರಲ್ಲಿ ಕೈ ಒರೆಸಿದ ಕಾಗದ ಹಿಂಡಿದ್ದರೆ ಬಂದ ಎಣ್ಣೆಯಲ್ಲಿ ಒಂದು ಹಡಗು ತೇಲಿಸಬಹುದಿತ್ತು. ಮೂರನೆಯ ಅಂಗಡಿಯ ಪಿಜ್ಜಾ ಎಷ್ಟು ತೆಳ್ಳಗಿತ್ತೆಂದರೆ ಅಕ್ಕ ಅದನ್ನು ಕಣ್ಣಿಗೆ ಹಿಡಿದು, "ಇದಕ್ಕೆ ಫ್ರೇಮ್ ಹಾಕಿದ್ರೆ ನಮ್ಮ ಅಂಗಡೀಲಿ ಮಾರಬಹುದು," ಅಂದಳು. ಐದನೆಯದು ಭಾರೀ ದೊಡ್ಡ ಹೋಟೆಲು. ಬಿಳಿ ಗ್ಲೌಸ್ ಹಾಕಿಕೊಂಡಾತ ತಂದಿಟ್ಟ ಸ್ಲೈಸು ತಟ್ಟೆಯಲ್ಲಿ ಎಲ್ಲಿದೆ ಎಂದು ಹುಡುಕುವುದಕ್ಕೇ ಐದು ನಿಮಿಷ ಹಿಡಿಯಿತು. ಯಾವುದಕ್ಕೂ ಆರರ ಮೇಲೆ ಬರಲಿಲ್ಲ. ಗಿರಗಿಟ್ಲೆ ಅಲ್ಲಿಯವರೆಗೂ ಪ್ರಾಮಾಣಿಕ ಜಡ್ಜು.

ಇದು ಏಳನೆಯದು. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಬೋರ್ಡೂ ಇಲ್ಲದ, ಮೂರೇ ಸ್ಟೂಲಿನ ಅಂಗಡಿ. ಅಕ್ಕ, ತಂಗಿ ಎರಡು ಸ್ಟೂಲಿನಲ್ಲಿ ಕೂತರೆ ಮೂರನೆಯದರಲ್ಲಿ ಖಾಕಿ ಹಾಕಿದ ಡ್ರೈವರ್ ಒಬ್ಬರು ಕೂತಿದ್ದರು. ಓವನ್ ಮುಂದೆ ಪಿಜ್ಜಾ ಮಾಮ. ಅವರ ಹುಬ್ಬಿನ ಮೇಲೆ ಎಷ್ಟು ಹಿಟ್ಟು ಕೂತಿತ್ತೆಂದರೆ ಜೋರಾಗಿ ಸೀನಿದ್ದರೆ ಇನ್ನೆರಡು ಪಿಜ್ಜಾ ಆಗುತ್ತಿತ್ತು.

ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ಫೋನ್ ಬಂದಿತ್ತು. ಕನ್ನಡಕದ ಅಂಗಡಿಯ ಗೆಳತಿ. ಅವರೆಲ್ಲ ಸೇರಿ ಶನಿವಾರ ಮಧ್ಯಾಹ್ನ ಬ್ಯಾಡ್ಮಿಂಟನ್ ಆಡುತ್ತಾರೆ. ಗಿರಗಿಟ್ಲೆ ಕಿಟಕಿ ಕಡೆ ಮುಖ ಮಾಡಿದ್ದಳು. ಕಿವಿ ಮಾತ್ರ ಅಕ್ಕನ ಕಡೆಗೇ ಇತ್ತು.

"ಇಲ್ಲ ಕಣೇ, ಶನಿವಾರ ಆಗಲ್ಲ," ಅಕ್ಕ ಹೇಳಿದ್ದಳು. "ತಂಗಿ ಜೊತೆ ಪಿಜ್ಜಾ ಹುಡುಕಾಟ ಇದೆಯಲ್ಲ. ಒಂದು ಹತ್ತು ಸಿಕ್ಕಿಬಿಡಲಿ, ಆಮೇಲೆ ನಾನು ಫ್ರೀ. ರ‍್ಯಾಕೆಟ್ ತಗೊಂಡೇ ಬರ್ತೀನಿ."

ಫ್ರೀ. ಆ ಪುಟ್ಟ ಪದ ಗಿರಗಿಟ್ಲೆಯ ಶೂ ಒಳಗೆ ಕಲ್ಲಿನ ಹಾಗೆ ಸೇರಿಕೊಂಡಿತ್ತು. ನಡೆದಷ್ಟೂ ಚುಚ್ಚುತ್ತಿತ್ತು.

ಈಗ ನೋಡಿದರೆ ಆ ಹಾಳು ಹತ್ತು ತಾನಾಗಿ ಬಂದು ಬಾಯಲ್ಲೇ ಕೂತಿದೆ.

"ಬರಿ," ಅಂದಳು ಅಕ್ಕ. ಬೆನ್ನಿಗೆ ಬೆನ್ನು ತಾಗಿತು. ಅಕ್ಕನ ಪೆನ್ನು ಸರಸರ ಓಡಿ ನಿಂತಿತು. ಗಿರಗಿಟ್ಲೆಯ ಪೆನ್ಸಿಲ್ ನೂರು ಕೆ.ಜಿ. ತೂಗುತ್ತಿತ್ತು.

ಚೀಟಿ ಬಿಚ್ಚಿದರು. ಅಕ್ಕನದು ಹತ್ತು.

ಗಿರಗಿಟ್ಲೆಯದು ಏಳು.

"ಏಳಾ?" ಅಕ್ಕನ ಕಣ್ಣು ಪಿಜ್ಜಾದಷ್ಟು ಅಗಲವಾಯಿತು. "ಜ್ವರ ಗಿರ ಬಂದಿದೆಯೇನೇ? ತಟ್ಟೆ ನೆಕ್ಕಿದ್ದು ಯಾರು?"

"ತಟ್ಟೆ ಮೇಲೆ ಏನೋ ಅಂಟಿತ್ತು. ಅದಕ್ಕೆ ನೆಕ್ಕಿದೆ."

"ಏನು ಅಂಟಿತ್ತು?"

"ಪಿಜ್ಜಾ."

ಡ್ರೈವರ್ ನಕ್ಕರು. ಆದರೆ ಪಿಜ್ಜಾ ಮಾಮ ನಗಲಿಲ್ಲ. ಎಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು, ಆ ಏಳನ್ನು ಬಗ್ಗಿ ನೋಡಿದರು.

"ಏನು ಕಮ್ಮಿಯಾಯ್ತು ಮರಿ?" ಮೆಲ್ಲಗೆ ಕೇಳಿದರು. "ಹೇಳು, ಬೇಜಾರಿಲ್ಲ. ದೊಡ್ಡವರು ಮರ್ಯಾದೆಗೆ ಚೆನ್ನಾಗಿದೆ ಅಂದು ಹೋಗಿಬಿಡ್ತಾರೆ. ನನಗೆ ನಿಜ ಹೇಳೋರು ಸಿಗೋದೇ ಕಷ್ಟ."

ಗಿರಗಿಟ್ಲೆ ಕಂಗಾಲಾದಳು. ಕಾರಣ ಕೇಳುತ್ತಾರೆ ಅಂತ ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ. ಓವನ್ ನೋಡಿದಳು, ಗೋಡೆ ನೋಡಿದಳು. ಕಪಾಟಿನಲ್ಲಿ ಸಕ್ಕರೆ ಡಬ್ಬ ಕಣ್ಣಿಗೆ ಬಿತ್ತು.

"ಸಾಸ್ ಹುಳಿ," ಅಂದಳು. "ಸ್ವಲ್ಪ ಸಕ್ಕರೆ ಬೇಕಿತ್ತು."

"ಹೌದಾ," ಅಂದರು ಮಾಮ. ಅಷ್ಟೇ ಅಂದರು. ಅವರು ಒಳಗೆ ಹೋಗಿ ಸಾಸ್ ಪಾತ್ರೆಯ ಮುಂದೆ ನಿಂತು, ಚಮಚದಲ್ಲಿ ಒಂದು ಸಲ ನೆಕ್ಕಿದರು, ಮತ್ತೊಂದು ಸಲ ನೆಕ್ಕಿದರು. ಬಾಗಿಲು ದಾಟುವಾಗ ಗಿರಗಿಟ್ಲೆ ಹಿಂತಿರುಗಿ ನೋಡಿದಳು. ಅವರು ಇನ್ನೂ ಚಮಚ ಹಿಡಿದೇ ನಿಂತಿದ್ದರು.

ಮುಂದಿನ ಶನಿವಾರ ಎಂಟನೆಯ ಅಂಗಡಿ. ಅಲ್ಲಿನ ಸ್ಲೈಸ್ ಪಿಜ್ಜಾ ಅಲ್ಲ, ಟೈರು. ಅಕ್ಕ ಒಂದು ತುದಿ, ಗಿರಗಿಟ್ಲೆ ಇನ್ನೊಂದು ತುದಿ ಹಿಡಿದು ಎಳೆದರೂ ಹರಿಯಲಿಲ್ಲ. ಕೈ ತಪ್ಪಿದ್ದರೆ ಇಬ್ಬರೂ ಎರಡು ಬೇರೆ ಬೇರೆ ರಸ್ತೆಯಲ್ಲಿ ಬೀಳುತ್ತಿದ್ದರು.

"ಎಷ್ಟು ಕೊಟ್ಟೆ?" ಅಕ್ಕ ಕೇಳಿದಳು.

ಗಿರಗಿಟ್ಲೆಯ ತಲೆ ಎಲ್ಲೋ ಇತ್ತು. "ಏಳು."

"ಡಿಪೋ ಹಿಂದಿನ ಪಿಜ್ಜಾಗೂ ಏಳು, ಈ ಟೈರಿಗೂ ಏಳಾ?"

"ಇದರಲ್ಲಿ... ಗಾಳಿ ಚೆನ್ನಾಗಿ ತುಂಬಿದೆ."

ಅಕ್ಕ ಅವಳ ಮುಖವನ್ನೇ ನೋಡಿದಳು, ಕನ್ನಡಕದ ಅಂಗಡಿಯಲ್ಲಿ ಸಣ್ಣ ಅಕ್ಷರದ ಸಾಲು ಓದುವವರು ನೋಡುವ ಹಾಗೆ. "ಕಾಲು ನೋಯ್ತಿದೆ. ನಡಿ, ಬಸ್ ಬಂತು," ಅಂದಳು.

ಸೋಮವಾರ ಸ್ಕೂಲಿನಲ್ಲಿ ಊಟದ ಬೆಲ್ ಹೊಡೆಯಿತು. ಗಿರಗಿಟ್ಲೆಯ ಪಕ್ಕ ಕೂರುವವನು ಗುಂಡ. ಅವನ ಅಪ್ಪ ಅದೇ ಡಿಪೋದಲ್ಲಿ ಡ್ರೈವರ್. ಗುಂಡ ಬಾಯಿ ತೆರೆದರೆ ಬಸ್ಸಿನ ಸುದ್ದಿ, ಮುಚ್ಚಿದರೆ ಬಸ್ಸಿನ ಸದ್ದು. ಇವತ್ತು ಮಾತ್ರ ಸಪ್ಪಗಿದ್ದ.

"ನಮ್ಮಪ್ಪ ದಿನಾ ಡ್ಯೂಟಿ ಮುಗಿಸಿ ನನಗೊಂದು ಸ್ಲೈಸ್ ತರ್ತಿದ್ರು," ಅಂದ. "ಈಗ ತರಲ್ಲ. ಡಿಪೋದವರು ಯಾರೂ ಹಿಂದಿನ ಓಣಿಯ ಆ ಪಿಜ್ಜಾ ಅಂಗಡಿಗೆ ಹೋಗ್ತಿಲ್ಲ."

ಗಿರಗಿಟ್ಲೆಯ ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು. "ಯಾಕೆ?"

"ಯಾವಳೋ ಜಡ್ಜಮ್ಮ ಬಂದಿದ್ಳಂತೆ. ಸಾಸ್ ಹುಳಿ ಅಂದ್ಳಂತೆ. ಅವತ್ತಿಂದ ಪಿಜ್ಜಾ ಮಾಮ ಸಕ್ಕರೆ ಸುರೀತಿದಾರೆ. ಈಗ ಅದು ಪಿಜ್ಜಾ ಅಲ್ಲ, ಚೀಸ್ ಹಾಕಿದ ಜಾಮು. ನಮ್ಮಪ್ಪ, 'ಮೊದಲಿನ ಹಾಗೇ ಮಾಡ್ರೀ' ಅಂತ ಬಡ್ಕೊಂಡ್ರು. ಮಾಮ ಕೇಳಲ್ವಂತೆ. 'ನೀವು ಸ್ನೇಹಕ್ಕೆ ಹಾಗಂತೀರಿ. ಆ ಮಗು ಯಾಕೆ ಸುಳ್ಳು ಹೇಳುತ್ತೆ' ಅಂದ್ರಂತೆ." ಗುಂಡ ಡಬ್ಬಿ ಮುಚ್ಚಿದ. "ಆ ಜಡ್ಜಮ್ಮ ನನ್ನ ಕೈಗೆ ಸಿಗಬೇಕು. ಡಬಲ್ ಬೆಲ್ ಹೊಡೆದು ಕಳಿಸ್ತೀನಿ."

ಜಡ್ಜಮ್ಮ ಅವನಿಂದ ಅರ್ಧ ಅಡಿ ದೂರದಲ್ಲೇ ಕೂತಿದ್ದಳು. ಅವಳಿಗೆ ನೀರು ಕುಡಿದರೂ ಸಿಹಿ ಅನ್ನಿಸಿತು.

ಆ ವಾರಕ್ಕೆ ಏಳು ದಿನ ಇರಲಿಲ್ಲ, ಎಪ್ಪತ್ತಿದ್ದವು. ಹೇಳದೆ ಇದ್ದರೆ ಶನಿವಾರಗಳು ಉಳಿಯುತ್ತವೆ. ಆದರೆ ಕಣ್ಣು ಮುಚ್ಚಿದರೆ ಸಾಕು, ಚಮಚ ಹಿಡಿದು ನಿಂತ ಮಾಮ ಕಾಣುತ್ತಿದ್ದರು. ಹೇಳಿಬಿಟ್ಟರೆ ಹತ್ತು ಕೊಡಬೇಕು. ಹತ್ತು ಕೊಟ್ಟರೆ ಅಕ್ಕ ಫ್ರೀ. ಅವಳು ಈ ಕಡೆಯಿಂದ ಯೋಚಿಸಿದಳು, ಆ ಕಡೆಯಿಂದ ಯೋಚಿಸಿದಳು, ತಲೆಕೆಳಗಾಗಿ ಮಂಚದಿಂದ ನೇತಾಡಿಕೊಂಡೂ ಯೋಚಿಸಿದಳು. ಲೆಕ್ಕ ಮಾತ್ರ ಬದಲಾಗಲಿಲ್ಲ.

ಶನಿವಾರ ಅಕ್ಕ ಚಪ್ಪಲಿ ಮೆಟ್ಟುತ್ತ ಕೇಳಿದಳು. "ಇವತ್ತು ಎಲ್ಲಿಗೆ? ಗಡಿಯಾರದ ಗೋಪುರದ ಹತ್ತಿರ ಹೊಸದೊಂದು ಇದೆಯಂತೆ."

"ಡಿಪೋ ಹಿಂದೆ," ಅಂದಳು ಗಿರಗಿಟ್ಲೆ.

"ಅಲ್ಲಿಗೆ ಹೋಗಿ ಆಯ್ತಲ್ಲ."

"ಇನ್ನೊಂದು ಸಲ ಹೋಗ್ಬೇಕು."

ಬಸ್ಸಿನಲ್ಲಿ ಅವಳು ಒಂದೇ ಸೀಟಿನಲ್ಲಿ ಅಲ್ಲಾಡದೆ ಕೂತಳು. ಅಕ್ಕ ಮೂರು ಸಲ ಅವಳ ಹಣೆ ಮುಟ್ಟಿ ನೋಡಿದಳು.

ಅಂಗಡಿಯ ಮೂರು ಸ್ಟೂಲೂ ಖಾಲಿ. ಎಷ್ಟು ಖಾಲಿಯೆಂದರೆ ಅವುಗಳ ಮೇಲೆ ನೊಣ ಕೂಡ ಕೂತಿರಲಿಲ್ಲ. ಇವರನ್ನು ಕಂಡದ್ದೇ ಪಿಜ್ಜಾ ಮಾಮನ ಮುಖ ಅರಳಿತು.

"ಬಾ ಜಡ್ಜಮ್ಮ, ಬಾ. ನಿನ್ನನ್ನೇ ಕಾಯ್ತಿದ್ದೆ," ಅಂದರು. "ನೀನು ಹೇಳಿದ ಹಾಗೆ ಸರಿ ಮಾಡಿದೀನಿ. ತಿಂದು ನೋಡು."

ಅವಳಿಗೆ ಅಂತಲೇ ದೊಡ್ಡ ಸ್ಲೈಸ್ ಕತ್ತರಿಸಿ, ತಟ್ಟೆಯ ಅಂಚು ಒರೆಸಿ ಇಟ್ಟರು. ಆಮೇಲೆ ಕೈ ಕಟ್ಟಿ ಎದುರಿಗೇ ನಿಂತರು. ಪರೀಕ್ಷೆ ಬರೆದ ಹುಡುಗನ ಹಾಗೆ ಕಾಣುತ್ತಿದ್ದರು.

ಗಿರಗಿಟ್ಲೆ ಕಚ್ಚಿದಳು. ಗುಂಡ ಹೇಳಿದ್ದರಲ್ಲಿ ಒಂದು ಚೂರೂ ಉತ್ಪ್ರೇಕ್ಷೆ ಇರಲಿಲ್ಲ. ಸಾಸ್ ಎಷ್ಟು ಸಿಹಿ ಇತ್ತೆಂದರೆ ಅವಳ ಹಲ್ಲುಗಳು ಒಂದನ್ನೊಂದು ತಬ್ಬಿಕೊಂಡವು. ಮೂರು ತುತ್ತು ಆಗುವವರೆಗೂ ಅವಳು ಕಾಯಲಿಲ್ಲ.

"ಮಾಮ, ಅವತ್ತು ಸಾಸ್ ಹುಳಿ ಇರಲಿಲ್ಲ."

"ಅಂದ್ರೆ?"

"ನಾನು ಸುಳ್ಳು ಹೇಳಿದೆ. ಅವತ್ತಿನದು ಹತ್ತು. ಏಳಲ್ಲ, ಹತ್ತು."

ಓವನ್‌ನೊಳಗೆ ಏನೋ ಚಟಪಟ ಅಂದಿತು. ಮಾಮ ಕಟ್ಟಿದ ಕೈ ಬಿಟ್ಟು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಇಪ್ಪತ್ತೆರಡು ವರ್ಷದಿಂದ ಒಂದೇ ಸಾಸ್ ಮಾಡಿದೀನಿ," ಅಂದರು. ಬೈಯುವ ದನಿ ಅದಲ್ಲ. ಬೈದಿದ್ದರೆ ಗಿರಗಿಟ್ಲೆಗೆ ಎಷ್ಟೋ ಹಗುರವಾಗುತ್ತಿತ್ತು. "ನೀನು ಹುಳಿ ಅಂದ ಮೇಲೆ, ಇಷ್ಟು ವರ್ಷ ಎಲ್ಲರೂ ಪಾಪ ಅಂತ ತಿಂದ್ರೇನೋ ಅನ್ನಿಸಿಬಿಟ್ಟಿತ್ತು. ನನ್ನ ನಾಲಿಗೆ ಮೇಲೆ ನನಗೇ ನಂಬಿಕೆ ಹೋಯ್ತು. ಈಗ ನೀನು ಹತ್ತು ಅಂತೀಯ. ಇದನ್ನು ಹೇಗೆ ನಂಬಲಿ ಮರಿ?"

ಗಿರಗಿಟ್ಲೆಗೆ ಉತ್ತರ ಗೊತ್ತಿತ್ತು. ಆದರೆ ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅವಳು ಅಕ್ಕನ ಕಡೆ ನೋಡದೆ, ತಟ್ಟೆಯ ಕಡೆ ನೋಡುತ್ತ ಹೇಳಿದಳು.

"ಹತ್ತು ಕೊಟ್ಟರೆ ಆಟ ಮುಗಿಯುತ್ತೆ. ಆಟ ಮುಗಿದ್ರೆ ಅಕ್ಕ ಶನಿವಾರ ಬ್ಯಾಡ್ಮಿಂಟನ್‌ಗೆ ಹೋಗ್ತಾಳೆ. ನನ್ನ ಜೊತೆ ಇರಲ್ಲ. ಅದಕ್ಕೇ ಏಳು ಬರೆದೆ." ತಟ್ಟೆಯನ್ನು ಬೆರಳಿನಿಂದ ಅತ್ತ ತಳ್ಳಿದಳು. "ಹತ್ತು ಅಂದ್ರೆ ನನ್ನ ಶನಿವಾರ ಹೋಗುತ್ತೆ ಮಾಮ. ಆದ್ರೂ ಅದು ಹತ್ತೇ."

ಮಾಮ ಅವಳನ್ನು ನೋಡಿದರು. ಅಕ್ಕನನ್ನು ನೋಡಿದರು. ಹುಬ್ಬಿನಿಂದ ಒಂದಿಷ್ಟು ಹಿಟ್ಟು ಉದುರಿತು.

"ಸರಿ," ಅಂದರು ಕೊನೆಗೆ. "ಈಗ ನಂಬಿದೆ."

ಎದ್ದು ಒಳಗೆ ಹೋದರು. ಸಕ್ಕರೆ ಸಾಸ್ ಇದ್ದ ಪಾತ್ರೆಯನ್ನು ಎತ್ತಿ ಅತ್ತ ಇಟ್ಟರು. ಒಂದು ಬುಟ್ಟಿ ಟೊಮೆಟೊ ತಂದು ಗಿರಗಿಟ್ಲೆಯ ಮುಂದೆ ಇಟ್ಟು, "ಸುಮ್ಮನೆ ಕೂತ್ರೆ ಆಗಲ್ಲ. ಕೈ ತೊಳ್ಕೊಂಡು ಬಾ, ಹಿಚುಕು. ಮಿಕ್ಸಿಗೆ ಹಾಕಿದ್ರೆ ಬೀಜ ನುರಿದು ಕಹಿಯಾಗುತ್ತೆ. ಕೈಯಲ್ಲೇ ಆಗ್ಬೇಕು," ಅಂದರು.

ಅವಳು ಹಿಚುಕಿದಳು. ಹಾಗೆ ಹಿಚುಕಿದವರು ಪ್ರಪಂಚದಲ್ಲಿ ಮತ್ತೊಬ್ಬರಿಲ್ಲ. ಗೋಡೆಗೆ, ಗಡಿಯಾರಕ್ಕೆ, ಅಕ್ಕನ ಮೂಗಿಗೆ, ಕ್ಯಾಲೆಂಡರಿನ ಮೂರು ತಿಂಗಳಿಗೆ ಟೊಮೆಟೊ ಹಾರಿತು. ಅಕ್ಕ ತೋಳು ಮೇಲಕ್ಕೆ ಮಡಚಿ, ಪಕ್ಕದಲ್ಲಿ ಕೂತು ತಾನೂ ಹಿಚುಕತೊಡಗಿದಳು. ಇಬ್ಬರ ಮೊಣಕೈ ಆಗಾಗ ತಾಗುತ್ತಿತ್ತು.

ಸಾಸ್ ಕುದಿಯತೊಡಗಿದಾಗ ಪರಿಮಳ ಓಣಿ ದಾಟಿ, ಗೋಡೆ ಹತ್ತಿ, ಡಿಪೋದೊಳಗೆ ನುಗ್ಗಿತು. ರಿವರ್ಸ್ ಹೋಗುತ್ತಿದ್ದ ಬಸ್ಸೊಂದು ಅಲ್ಲೇ ನಿಂತಿತು ಅಂತ ಆಮೇಲೆ ಗುಂಡ ಹೇಳಿದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಎರಡು ಖಾಕಿ ಟೋಪಿ ಕಾಣಿಸಿಕೊಂಡವು.

"ಸಕ್ಕರೆ ಮುಗೀತಾ?" ಒಬ್ಬರು ಅಂಜುತ್ತ ಕೇಳಿದರು.

"ಮುಗೀತು. ಬಂದು ಕೂತ್ಕೊಳ್ಳಿ," ಅಂದರು ಮಾಮ.

ಓವನ್‌ನಿಂದ ಉದ್ದ ಹಿಡಿಯ ಹಲಗೆಯ ಮೇಲೆ ಪಿಜ್ಜಾ ಹೊರಗೆ ಬಂತು. ಅಂಚಿನಲ್ಲಿ ಸಣ್ಣ ಸಣ್ಣ ಕಪ್ಪು ಗುಳ್ಳೆ, ನಡುವೆ ಚೀಸ್ ಇನ್ನೂ ಕುಣಿಯುತ್ತಿತ್ತು. ಸ್ಲೈಸ್ ಎತ್ತಿದರೆ ತಲೆ ತಗ್ಗಿಸಲಿಲ್ಲ. ಗಿರಗಿಟ್ಲೆಯ ಎಡಗಿವಿ ಮತ್ತೆ ಅಲ್ಲಾಡಿತು.

ಅಕ್ಕ, ತಂಗಿ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಚೀಟಿ ಬಿಚ್ಚಿದರು.

ಹತ್ತು. ಹತ್ತು.

ಡ್ರೈವರುಗಳು ಚಪ್ಪಾಳೆ ತಟ್ಟಿದರು. ಮಾಮ ಆ ಎರಡೂ ಚೀಟಿಗಳನ್ನು ಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಅಂಟಿಸಿದರು. ಗಿರಗಿಟ್ಲೆ ನಕ್ಕಳು. ಆದರೆ ಆ ನಗು ಗಲ್ಲದವರೆಗೆ ಹೋಗಿ ಅಲ್ಲೇ ನಿಂತಿತು.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಸ್ಟಾಪಿನ ಕಟ್ಟೆಯ ಮೇಲೆ ಕೂತ ಮೇಲೆ ಅಕ್ಕ ಅವಳ ಕೂದಲಿನಿಂದ ಒಂದು ಟೊಮೆಟೊ ಸಿಪ್ಪೆ ತೆಗೆದಳು.

"ನನ್ನನ್ನೇ ಕೇಳಬಹುದಿತ್ತಲ್ಲೇ, ಕತ್ತೆ," ಅಂದಳು. "ಬ್ಯಾಡ್ಮಿಂಟನ್‌ಗೆ ಹೋಗಬೇಡ ಅಂತ."

"ಕೇಳಿದ್ರೆ ನೀನು ಹೋಗ್ತಿರಲಿಲ್ಲ."

"ಮತ್ತೆ?"

"ನನ್ನ ಜೊತೆ ಬರ್ತಿದ್ದೆ. ಆದ್ರೆ ತಲೆಯೆಲ್ಲ ಅಲ್ಲೇ ಇರ್ತಿತ್ತು."

ಒಂದು ಬಸ್ ಬಂತು, ಅವರದಲ್ಲ, ಹೋಯಿತು.

"ನನಗೆ ಆಡೋದು ಇಷ್ಟ ಗಿರಗಿ," ಅಂದಳು ಅಕ್ಕ ಮೆತ್ತಗೆ. "ಇಡೀ ವಾರ ಗಾಜು ಒರೆಸಿ ಒರೆಸಿ ಕೈ ಜೋಮು ಹಿಡಿದುಹೋಗುತ್ತೆ. ಒಂದು ದಿನ ಜೋರಾಗಿ ಏನನ್ನಾದ್ರೂ ಹೊಡೀಬೇಕು ಅನ್ನಿಸುತ್ತೆ."

"ನನ್ನನ್ನು ಹೊಡಿ."

"ನಿನ್ನನ್ನು ಹೊಡೆದ್ರೆ ನೆಟ್ ದಾಟಲ್ಲ. ದಪ್ಪಗಾಗಿದೀಯ, ಪಿಜ್ಜಾ ತಿಂದೂ ತಿಂದೂ."

ಗಿರಗಿಟ್ಲೆ ಮೊಣಕೈಯಲ್ಲಿ ತಿವಿದಳು. ಅಕ್ಕ ತಿರುಗಿ ತಿವಿದಳು. ಆಮೇಲೆ ಗಿರಗಿಟ್ಲೆ ಕಷ್ಟಪಟ್ಟು, ಒಂದು ಬಂಡೆ ಎತ್ತುವವಳ ಹಾಗೆ, ಹೇಳಿದಳು. "ಹೋಗು. ಮುಂದಿನ ಶನಿವಾರ."

ಮುಂದಿನ ಶನಿವಾರ ಅಕ್ಕ ಹೋದಳು. ಕೆಲಸ ಮುಗಿಸಿ, ನೇರವಾಗಿ ಅಲ್ಲಿಂದಲೇ.

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ಹಿಂದೆ ಯಾವತ್ತೂ ಬಂದಿರಲಿಲ್ಲ. ಗಡಿಯಾರದ ಮುಳ್ಳುಗಳಿಗೆ ಯಾರೋ ಚೀಸ್ ಮೆತ್ತಿದ ಹಾಗಿತ್ತು. ಗಿರಗಿಟ್ಲೆ ಸೋಫಾದ ಮೇಲೆ ಮಲಗಿದಳು, ಸೋಫಾದ ಕೆಳಗೆ ಮಲಗಿದಳು. ಅಮ್ಮ ಬಟ್ಟೆ ಮಡಚುತ್ತ ಅವಳನ್ನೂ ಒಂದು ಸಲ ಮಡಚುವುದಕ್ಕೆ ನೋಡಿದಳು.

ಆಗ ಕೆಳಗಿನಿಂದ ಗುಂಡ ಕೂಗಿದ. "ಏ ಜಡ್ಜಮ್ಮ, ಡಿಪೋದಲ್ಲಿ ಬಸ್ ತೊಳೆಯೋ ಹೊಸ ಮೆಷಿನ್ ಬಂದಿದೆ. ಅಪ್ಪ ಒಳಗೆ ಕೂತ್ಕೊಂಡೇ ನೋಡಬಹುದು ಅಂದ್ರು. ಬರ್ತೀಯಾ?"

ಆ ಜಡ್ಜಮ್ಮ ಯಾರು ಅನ್ನುವ ಸುದ್ದಿ ಅವನಿಗೆ ಗೊತ್ತಾಗಿತ್ತು. ಡಬಲ್ ಬೆಲ್ ಹೊಡೆಯುವ ವಿಚಾರ ಮಾತ್ರ, ಮನೆಗೆ ಮತ್ತೆ ಸ್ಲೈಸ್ ಬರತೊಡಗಿದ ದಿನವೇ ಬಿಟ್ಟಿದ್ದ.

ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಹೋದಳು.

ಬಸ್ಸಿನ ಎಲ್ಲ ಕಿಟಕಿ ಮುಚ್ಚಿದರು. ಗುಂಡನ ಅಪ್ಪ ಒಂದೇ ಒಂದು ಅಡಿ ಮುಂದೆ ಓಡಿಸಿದರು. ಅಷ್ಟೇ. ಎರಡು ಕಡೆಯಿಂದ ಆನೆಗಾತ್ರದ ನೀಲಿ ಬ್ರಶ್ಶುಗಳು ಗರಗರ ತಿರುಗುತ್ತ ಬಂದು ಬಸ್ಸನ್ನು ತಬ್ಬಿಕೊಂಡವು. ಮೇಲಿನಿಂದ ಇನ್ನೊಂದು ಇಳಿಯಿತು. ಕಿಟಕಿ ಪೂರ್ತಿ ನೊರೆ. ಒಳಗೆ ಬೆಳಕು ನೀಲಿ, ಆಮೇಲೆ ಬಿಳಿ, ಆಮೇಲೆ ಮತ್ತೆ ನೀಲಿ. ಗುಂಡ ಕಿರುಚಿದ, ಗಿರಗಿಟ್ಲೆ ಅವನಿಗಿಂತ ಜೋರಾಗಿ ಕಿರುಚಿದಳು. ನೊರೆಯ ಒಂದು ದೊಡ್ಡ ಉಂಡೆ ಮುಂದಿನ ಗಾಜಿನ ಮೇಲೆ ಜಾರುತ್ತ ಬಂದು, ಮೂಗು ಒತ್ತಿ ಒಳಗೆ ಇಣುಕಿದ ಹಾಗೆ ನಿಂತಿತು.

ಇದನ್ನು ಅಕ್ಕನಿಗೆ ಹೇಳಬೇಕು, ಅಂದುಕೊಂಡಳು ಗಿರಗಿಟ್ಲೆ.

ಅಂದುಕೊಂಡ ಕೂಡಲೇ ಅವಳಿಗೆ ಸಣ್ಣ ಆಶ್ಚರ್ಯವಾಯಿತು. ಇಲ್ಲಿಯವರೆಗೆ ಅಕ್ಕನಿಗೆ ಹೇಳಬೇಕಾದದ್ದು ಅಂತ ಅವಳ ಹತ್ತಿರ ಏನೂ ಇರಲಿಲ್ಲ. ಅವಳು ನೋಡಿದ್ದನ್ನೆಲ್ಲ ಅಕ್ಕನೂ ಪಕ್ಕದಲ್ಲೇ ನಿಂತು ನೋಡಿರುತ್ತಿದ್ದಳು.

ಸಂಜೆ ಅವಳು ಮನೆಗೆ ಬಂದು ಐದು ನಿಮಿಷವೂ ಆಗಿರಲಿಲ್ಲ, ಮೆಟ್ಟಿಲಿನ ಮೇಲೆ ದಡದಡ ಸದ್ದಾಯಿತು. ಬಾಗಿಲು ತೆರೆಯುವ ಮೊದಲೇ ದನಿ ಬಂತು.

"ಗಿರಗಿ, ಎಲ್ಲಿದೀಯೇ? ಬಾ ಇಲ್ಲಿ, ಇವತ್ತು ಏನಾಯ್ತು ಗೊತ್ತಾ?"

ಅಕ್ಕನ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತ್ತು. ಕೂದಲು ಬೆವರಿಗೆ ಹಣೆಗಂಟಿತ್ತು. ಇಷ್ಟು ದಿನ ಗೋಡೆಗೆ ಒರಗಿ ಗೋಡೆಯಾಗುತ್ತಿದ್ದವಳು ಇವತ್ತು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೊಡೆದ ಶಟಲ್ ಲೈಟಿನ ಜಾಲರಿಯಲ್ಲಿ ಸಿಕ್ಕಿಕೊಂಡಿತಂತೆ, ಅದನ್ನು ತೆಗೆಯಲು ಎಸೆದ ಶೂ ಕೂಡ ಅಲ್ಲೇ ಸಿಕ್ಕಿಕೊಂಡಿತಂತೆ, ಶೂ ತೆಗೆಯಲು ಹತ್ತಿದ ವಾಚ್‌ಮನ್ ಇಳಿಯೋದಕ್ಕೆ ಬಾರದೆ ಅರ್ಧ ಗಂಟೆ ಏಣಿಯ ಮೇಲೇ ಕೂತು ಎಲ್ಲರ ಸ್ಕೋರು ಹೇಳಿದರಂತೆ. ಕೈ ಬೀಸಿ ಬೀಸಿ ಹೇಳಿದಳು. ಗಿರಗಿಟ್ಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೇಳುವುದೆಲ್ಲ ಮುಗಿದಾಗ ಅಕ್ಕ ಮಂಚದ ತುದಿಯಲ್ಲಿ ಕೂತು ಉಸಿರು ಬಿಟ್ಟಳು. ಒಳಗಿನಿಂದ ಅಮ್ಮ, "ಬಂದವಳು ಮೊದಲು ಕೈಕಾಲು ತೊಳಿಯೇ," ಎಂದು ಕೂಗಿದಳು.

"ಬಂದೆ ಅಮ್ಮ, ಒಂದು ನಿಮಿಷ," ಅಂದಳು ಅಕ್ಕ. ಆಮೇಲೆ ತಂಗಿಯ ಕಡೆ ಪೂರ್ತಿ ತಿರುಗಿದಳು. "ನೀನು ಹೇಳು. ನೀನೇನು ಮಾಡಿದೆ?"

ಗಿರಗಿಟ್ಲೆ ಒಂದೇ ಉಸಿರಿಗೆ ಶುರು ಮಾಡುವುದಕ್ಕೆ ಬಾಯಿ ತೆರೆದಳು. ಆಗ ಅವಳ ಕಣ್ಣಿಗೆ ಅಕ್ಕನ ಕಾಲು ಬಿತ್ತು. ಅಕ್ಕ ಇನ್ನೂ ಶೂ ಕೂಡ ಬಿಚ್ಚಿರಲಿಲ್ಲ. ಬ್ಯಾಗು ಹೆಗಲ ಮೇಲೇ ಇತ್ತು. ಹಾಗೇ ಕೂತು ಕಾಯುತ್ತಿದ್ದಳು.

ಗಿರಗಿಟ್ಲೆ ಮಂಚದ ಮೇಲೆ ಕಾಲು ಮಡಚಿ, ಸರಿಯಾಗಿ ಕೂತುಕೊಂಡಳು. ಡಿಪೋದ ಗೇಟಿನಿಂದಲೇ, ನಿಧಾನವಾಗಿ ಹೇಳತೊಡಗಿದಳು. ಅವಸರವೇನೂ ಇರಲಿಲ್ಲ.